ಖಾಲಿಯಾಗುತ್ತಿರುವ ಐವತ್ತು ಮೀಟರ್ ಲೇನ್‌ಗಳು

ಮಾನ್ಯ ಸಂಪಾದಕರೇ,

ಕಳೆದ ಚಳಿಗಾಲದಲ್ಲಿ ತಮ್ಮನ ಮಗಳ ಜೊತೆ ರಾಷ್ಟ್ರೀಯ ಶೂಟಿಂಗ್ ಸ್ಪರ್ಧೆಗೆ ಹೋಗಿದ್ದೆ. ಅವಳದು ಗಾಳಿಯ ಒತ್ತಡದಿಂದ ಹಾರಿಸುವ 10 ಮೀಟರ್ ಏರ್ ಪಿಸ್ತೂಲು, ನನ್ನದು 50 ಮೀಟರ್ ಪಿಸ್ತೂಲು. ಅವಳ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಗುಂಪು ಹೊರಗೆ ಬರುವ ಮೊದಲೇ ಇನ್ನೊಂದು ಗುಂಪು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿತ್ತು. ಹೊರಗೆ ತಾಯಂದಿರು ಬಿಸಿಲು ಕಾಯಿಸುತ್ತಾ ಡಬ್ಬಿ ಬಿಚ್ಚಿ ಕೂತಿದ್ದರು. ಮರುದಿನ ನನ್ನ ಸರದಿ. ಎಡಕ್ಕೆ ನಾಲ್ಕು ಲೇನ್ (ಒಬ್ಬೊಬ್ಬರು ನಿಂತು ಹೊಡೆಯುವ ಜಾಗ) ಖಾಲಿ, ಬಲಕ್ಕೆ ಆರು. ಇದ್ದವರಲ್ಲಿ ಸೇನೆಯವರು, ಪೊಲೀಸರೇ ಜಾಸ್ತಿ. ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದು ತಮ್ಮನ ಮಗಳೊಬ್ಬಳೇ.

ನಾನು ಹೊಸಬನಾಗಿದ್ದಾಗ ಇದೇ ಸ್ಪರ್ಧೆಯಲ್ಲಿ ಲೇನ್ ಸಿಗಲು ಕಾಯಬೇಕಿತ್ತು.

2016ರ ರಿಯೊ ಒಲಿಂಪಿಕ್ಸ್ ನಮ್ಮ ಸ್ಪರ್ಧೆಗೆ ಕೊನೆಯದಾಯಿತು. ಟೋಕಿಯೊದಿಂದ 50 ಮೀಟರ್ ಪಿಸ್ತೂಲು, ಮಲಗಿ ಹೊಡೆಯುವ 50 ಮೀಟರ್ ಪ್ರೋನ್ ರೈಫಲ್, ಒಮ್ಮೆಗೇ ಹಾರುವ ಎರಡು ಬಿಲ್ಲೆ ಹೊಡೆಯುವ ಡಬಲ್ ಟ್ರ್ಯಾಪ್ ಮೂರನ್ನೂ ಬಿಟ್ಟು, ಒಬ್ಬ ಗಂಡು ಒಬ್ಬ ಹೆಣ್ಣು ಸೇರಿ ಆಡುವ ಮಿಶ್ರ ತಂಡದ ಸ್ಪರ್ಧೆ ತಂದರು. ಹೆಣ್ಣುಮಕ್ಕಳಿಗೆ ಸಮಪಾಲು ಸಿಕ್ಕಿತು, ಅದು ಒಳ್ಳೆಯದೇ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ದಿವ್ಯಾ ಟಿ.ಎಸ್. ಮಿಶ್ರ ತಂಡದಲ್ಲಿ ಬೆಳ್ಳಿ ಗೆದ್ದಾಗ ಮನೆಯಲ್ಲಿ ಸಿಹಿ ಹಂಚಿದ್ದೇನೆ. ಆದರೆ ಒಲಿಂಪಿಕ್ಸ್ ಬಿಟ್ಟಿತೆಂದು ನಾವೂ ಬಿಡಬೇಕೇ? 2004ರ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಬೆಳ್ಳಿ ತಂದದ್ದು ಡಬಲ್ ಟ್ರ್ಯಾಪ್‌ನಲ್ಲೇ ಅಲ್ವಾ? 50 ಮೀಟರ್ ಪಿಸ್ತೂಲಿನಲ್ಲಿ ಜೀತು ರಾಯ್ 2014ರಲ್ಲಿ ಕಾಮನ್‌ವೆಲ್ತ್ ಚಿನ್ನವನ್ನೂ ಏಷ್ಯನ್ ಗೇಮ್ಸ್ ಚಿನ್ನವನ್ನೂ ಗೆದ್ದರು. ಬೆಂಗಳೂರಿನ ಪ್ರಕಾಶ್ ನಂಜಪ್ಪ ರಿಯೊಗೆ ಹೋದದ್ದು ಇದೇ ಸ್ಪರ್ಧೆಗೆ. ಒಲಿಂಪಿಕ್ಸ್‌ನಿಂದ ಹೋದ ಮೇಲೂ, 2018ರಲ್ಲಿ ಓಂಪ್ರಕಾಶ್ ಮಿಥರ್ವಾಲ್ ಇದರಲ್ಲಿ ವಿಶ್ವ ಚಾಂಪಿಯನ್ ಆದರು. ಆ ಸುದ್ದಿ ಎಷ್ಟು ಜನರಿಗೆ ತಲುಪಿತು?

ಇದು ಸುಮ್ನೆ ಹಳೆಯದರ ಮೇಲಿನ ಮೋಹವಲ್ಲ. ಪಿಸ್ತೂಲಿನಲ್ಲಿ ಇಷ್ಟು ಕಷ್ಟದ್ದು ಇನ್ನೊಂದಿಲ್ಲ. ಐವತ್ತು ಮೀಟರ್ ದೂರದಲ್ಲಿ ಹತ್ತು ಅಂಕ ಕೊಡುವ ನಡುವಿನ ವೃತ್ತ 50 ಮಿಲಿಮೀಟರ್ ಅಗಲ, ಪುಟ್ಟ ಹುಡುಗಿಯ ಬಳೆಯಷ್ಟು. ಒಂದೇ ಕೈಯಲ್ಲಿ ಹಿಡಿಯಬೇಕು. ಅರವತ್ತು ಗುಂಡು. ಏರ್ ಪಿಸ್ತೂಲಿನ ಟ್ರಿಗರ್‌ಗೆ ಕನಿಷ್ಠ 500 ಗ್ರಾಂ ಒತ್ತಡ ಇರಲೇಬೇಕು. ಇದರಲ್ಲಿ ಆ ಮಿತಿಯೇ ಇಲ್ಲ, ಬೆರಳು ಸೋಕಿದರೆ ಗುಂಡು ಹೋಗಿರುತ್ತದೆ. ಮೇಲಿಂದ ಗಾಳಿ. ಬಾವುಟ ಅಲ್ಲಾಡುವುದು ನೋಡಿ ಕೈ ಇಳಿಸಿ, ಉಸಿರು ತೆಗೆದು, ಮತ್ತೆ ಎತ್ತಬೇಕು. ಕಾಯುವುದನ್ನು ನಾನು ಕಲಿತದ್ದೇ ಆ ಲೇನ್‌ನಲ್ಲಿ.

ಮಕ್ಕಳು ಬಾರದಿರಲು ಬೇರೆ ಕಾರಣಗಳೂ ಇವೆ. ಹತ್ತು ಮೀಟರ್ ಆದರೆ ಮಹಡಿಯ ಮೇಲಿನ ಹಾಲ್ ಸಾಕು. ಸ್ಪರ್ಧೆಯ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಮದ್ದಿನ ಗುಂಡು ಹಾಕುವ ನಮ್ಮ .22 ಪಿಸ್ತೂಲಿಗೆ ಬೇಕು, ಗುಂಡಿನ ಖರ್ಚೂ ಜಾಸ್ತಿ. ತಮ್ಮನ ಮಗಳು "ದೊಡ್ಡಪ್ಪ, ನಾನೂ ಒಮ್ಮೆ ಹೊಡೀಲಾ?" ಎಂದಾಗ ಅವಳ ಕೋಚ್ ಬೇಡ ಎಂದರು. ಅದರಿಂದ ಸರ್ಟಿಫಿಕೇಟ್ ಬಿಟ್ಟು ಏನೂ ಸಿಗದು ಎಂಬುದು ಅವರ ಮಾತು. ನನಗೆ ಬೇಸರವಾಯಿತು.

ಕ್ರೀಡಾ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೇ: ನಗದು ಬಹುಮಾನಕ್ಕೆ, ಕೆಲಸದ ಮೀಸಲಿಗೆ ರಾಷ್ಟ್ರೀಯ ಪದಕವನ್ನು ಪದಕವೆಂದೇ ಎಣಿಸಿ. ಅದು ಒಲಿಂಪಿಕ್ಸ್‌ನಲ್ಲಿದೆಯೇ ಎಂದು ಕೇಳಬೇಡಿ. ಕ್ಲಬ್‌ಗಳು ತಿಂಗಳಿಗೊಂದು ಭಾನುವಾರ ಏರ್ ಪಿಸ್ತೂಲಿನ ಮಕ್ಕಳನ್ನು ಈ ಲೇನ್‌ಗೆ ಕರೆಯಲಿ. ಕಲಿಸಲು ನಾನು ಬಿಟ್ಟಿಯಾಗಿ ಬರುತ್ತೇನೆ.

ಸಂಪಾದಕರೇ, ಮುಂದಿನ ರಾಷ್ಟ್ರೀಯ ಸ್ಪರ್ಧೆ ನಡೆದಾಗ 50 ಮೀಟರ್ ಪಿಸ್ತೂಲಿನ ಫಲಿತಾಂಶಕ್ಕೂ ಎರಡು ಸಾಲು ಜಾಗ ಕೊಡಿ.

ಇಂತಿ,
ನಿಮ್ಮ ಓದುಗ, ನಿವೃತ್ತ ಅಂಚೆ ನೌಕರ
ಮೈಸೂರು