ಲಿವರ್ ಟೆಸ್ಟ್ ನಾರ್ಮಲ್ ಬಂತು ಅಂತ ಸುಮ್ನಿರಬೇಡ ಕಣೋ

ಪ್ರೀತಿಯ ಪ್ರದೀಪ,

ನಿನ್ನ ಮೆಸೇಜ್ ಓದಿದೆ. ಲಿವರ್ ಟೆಸ್ಟ್ ನಾರ್ಮಲ್ ಬಂದಿದೆ ಚಿಕ್ಕಮ್ಮ, ಇನ್ನು ಬ್ಯಾಟರಿ ಕೆಲಸದಲ್ಲಿ ಮೈಗೆ ಸೇರೋ ಸೀಸದ (ಲೆಡ್) ಟೆನ್ಶನ್ ಇಲ್ಲ ಅಂತ ಬರ್ದಿದ್ದೀಯ. ಟೆಸ್ಟ್ ಮಾಡಿಸಿದ್ದು ಒಳ್ಳೇದೇ, ಆದ್ರೆ ಆ ಒಂದು ಕಾಗದ ನಂಬ್ಕೊಂಡು ನೀನು ನಿರಾಳ ಆಗಿರೋದು ನಂಗೆ ಸರಿ ಕಾಣ್ತಿಲ್ಲ. ಅದ್ರಲ್ಲಿ ಮುಖ್ಯವಾಗಿ ನೋಡೋದು ಎಎಲ್‌ಟಿ, ಎಎಸ್‌ಟಿ ಅನ್ನೋ ಎಂಜೈಮ್‌ಗಳನ್ನ. ಲಿವರಿನ ಜೀವಕೋಶಕ್ಕೆ ಪೆಟ್ಟು ಬಿದ್ದು ಒಳಗಿರೋ ಎಂಜೈಮ್ ರಕ್ತಕ್ಕೆ ಸೋರಿದ್ರೆ ತಾನೇ ಆ ನಂಬರ್ ಏರೋದು? ಮೈಯಲ್ಲಿ ಸೀಸ ಎಷ್ಟಿದೆ ಅಂತ ಅದು ಹೇಳಲ್ಲ. ಅದಕ್ಕೆ ಬ್ಲಡ್ ಲೆಡ್ ಟೆಸ್ಟ್ ಅಂತ ಬೇರೇನೇ ಇದೆ, ಅದನ್ನ ಮಾಡಿಸು.

ಹಳೇ ಬ್ಯಾಟರಿ ಸೀಸ ಕರಗಿಸುವಾಗ ಏಳೋ ಹೊಗೆ, ಧೂಳು ಶ್ವಾಸಕೋಶದಿಂದ ಸೀದಾ ರಕ್ತಕ್ಕೆ ಹೋಗತ್ತೆ, ಕೈಗೆ ಮೆತ್ತಿದ್ದು ಊಟದ ಜೊತೆ ಹೊಟ್ಟೆಗೆ ಹೋಗತ್ತೆ, ಹಾಗೆ ಹೊಟ್ಟೆಗೆ ಹೋಗಿ ಕರುಳು ಹೀರ್ಕೊಂಡಿದ್ದು ಮೊದಲು ಮುಟ್ಟೋದೇ ಲಿವರನ್ನ. ಲಿವರಲ್ಲಿ ಗ್ಲುಟಾಥಯೋನ್ ಅಂತ ಒಂದಿದೆ, ವಿಷ ಬಂದಾಗ ಜೀವಕೋಶನ ಕಾಯೋದು ಅದೇ. ಅದ್ರಲ್ಲಿ ಗಂಧಕದ ಅಂಶ ಇರತ್ತೆ, ಸೀಸಕ್ಕೆ ಗಂಧಕ ಸಿಕ್ಕಿದ್ರೆ ಬಿಗಿಯಾಗಿ ಹಿಡ್ಕೊಂಡ್ಬಿಡತ್ತೆ. ಹಿಂಗೆ ಗ್ಲುಟಾಥಯೋನ್ ಕಮ್ಮಿ ಆದ್ಹಾಗೆ ಜೀವಕೋಶದ ಪೊರೆಗೆ ಹಾನಿ ಶುರು ಆಗತ್ತೆ. ರಕ್ತಕ್ಕೆ ಕೆಂಪು ಬಣ್ಣ ಕೊಡೋ ಹೀಮ್ ತಯಾರಾಗೋದಕ್ಕೂ ಸೀಸ ಅಡ್ಡ ಬರತ್ತೆ. ಹೀಮ್ ಬರೀ ರಕ್ತಕ್ಕಲ್ಲ, ಲಿವರಲ್ಲಿ ಮಾತ್ರೆ ಔಷಧಿ ಅರಗಿಸೋ ಎಂಜೈಮ್‌ಗಳಿಗೂ ಬೇಕು. ನರ, ಕಿಡ್ನಿ, ಬಿಪಿಗೆ ಆಗೋ ತೊಂದರೆ ಬಗ್ಗೆ ಎಲ್ರೂ ಮಾತಾಡ್ತಾರೆ, ಲಿವರ್ ಮಾತ್ರ ನೋವು ಗೀವು ಅನ್ನದೆ ತುಂಬಾ ದಿನ ಸಹಿಸ್ಕೊಳ್ಳತ್ತೆ, ಅದಕ್ಕೇ ನಂಗೆ ಭಯ.

ರಕ್ತದಲ್ಲಿರೋ ಸೀಸ ಅರ್ಧಕ್ಕೆ ಇಳಿಯೋಕೆ ಸುಮಾರು ಒಂದು ತಿಂಗಳು ಸಾಕು, ಆದ್ರೆ ಮೂಳೆ ಸೇರಿದ್ದು ವರ್ಷಗಟ್ಟಲೆ ಅಲ್ಲೇ ಕೂತಿರತ್ತೆ. ದೊಡ್ಡವರ ಮೈಯಲ್ಲಿರೋ ಸೀಸದಲ್ಲಿ ಶೇ. 90ಕ್ಕಿಂತ ಜಾಸ್ತಿ ಮೂಳೇಲೇ ಇರೋದು, ಅಲ್ಲಿಂದ ಚೂರು ಚೂರೇ ರಕ್ತಕ್ಕೆ ವಾಪಸ್ ಬರ್ತಿರತ್ತೆ. ಸೀಸ ಇಷ್ಟಿದ್ರೆ ಪರವಾಗಿಲ್ಲ ಅನ್ನೋ ಮಟ್ಟಾನೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಒಂದು ಡೆಸಿಲೀಟರ್ (100 ಮಿ.ಲೀ.) ರಕ್ತದಲ್ಲಿ 5 ಮೈಕ್ರೋಗ್ರಾಂ ಇದ್ರೇನೇ ಎಲ್ಲಿಂದ ಬರ್ತಿದೆ ಅಂತ ಹುಡುಕಿ ನಿಲ್ಲಿಸಬೇಕಂತೆ.

ಇನ್ನು ಆ ಲಿವರ್ ಟಾನಿಕ್, ಡಿಟಾಕ್ಸ್ ಪುಡಿ ಎಲ್ಲ ಬಿಟ್ಬಿಡು, ಅವು ಸೀಸನ ಹೊರಗೆ ಹಾಕಲ್ಲ, ಕೆಲವು ನಾಟಿ ಔಷಧಿಗಳಲ್ಲಿ ಸೀಸಾನೇ ಸಿಕ್ಕಿದೆ. ಮೈಯಿಂದ ಸೀಸ ತೆಗೆಯೋಕೆ ಕೀಲೇಷನ್ ಅಂತ ಚಿಕಿತ್ಸೆ ಇದೆ ನಿಜ, ಆದ್ರೆ ಅದು ಮಟ್ಟ ತುಂಬಾ ಜಾಸ್ತಿ ಇದ್ದಾಗ, ಡಾಕ್ಟ್ರೇ ನಿರ್ಧಾರ ಮಾಡ್ಬೇಕು. ಕುಡಿಯೋದು ಇದ್ರೆ ಅದನ್ನೂ ನಿಲ್ಲಿಸು, ಲಿವರ್ ಮೇಲೆ ಇನ್ನೊಂದು ಹೊರೆ ಯಾಕೆ.

ಮೂಗಿಗೆ ಬಟ್ಟೆ ಕಟ್ಕೊಂಡ್ರೆ ಸೀಸದ ಹೊಗೆ ನಿಲ್ಲಲ್ಲ, ಸರಿಯಾದ ಫಿಲ್ಟರ್ ಇರೋ ರೆಸ್ಪಿರೇಟರ್ ಮಾಸ್ಕ್ ಕೇಳಿ ತಗೋ, ಕೊಡಲ್ಲ ಅಂದ್ರೆ ಜಗಳ ಆಡಿಯಾದ್ರೂ ತಗೋ. ನೆಲನ ಒಣಗಿದ ಪೊರಕೇಲಿ ಗುಡಿಸ್ಬೇಡ, ಒದ್ದೆ ಮಾಡಿ ಒರೆಸು. ನಿನ್ನ ಪ್ಯಾಂಟಿನ ಕಾಲು ಮಡಚಿರ್ತೀಯಲ್ಲ, ಆ ಮಡಿಕೆ ಬಿಚ್ಚಿ ನೋಡು, ಬೂದು ಬಣ್ಣದ ನುಣ್ಣನೆ ಪುಡಿ ಇರತ್ತೆ. ಅದೇ ಪ್ಯಾಂಟಲ್ಲಿ ಮನೆಗೆ ಬಂದು ಪಾಪುನ ಎತ್ಕೋತೀಯ, ಅವಳು ಅದನ್ನ ಮುಟ್ಟಿದ ಕೈನ ಬಾಯಿಗಿಡ್ತಾಳೆ. ನುಂಗಿದ ಸೀಸದಲ್ಲಿ ದೊಡ್ಡವರ ಕರುಳು ಹತ್ತರಲ್ಲಿ ಒಂದು ಪಾಲು ಹೀರಿದ್ರೆ ಮಕ್ಕಳದ್ದು ಅರ್ಧದಷ್ಟು ಹೀರಬಹುದು ಕಣೋ. ಕೆಲಸದ ಬಟ್ಟೆ, ಶೂ ಅಲ್ಲೇ ಬಿಟ್ಟು, ಸ್ನಾನ ಮಾಡ್ಕೊಂಡೇ ಮನೆಗೆ ಬಾ.

ಪಾಪುಗೂ ಟೆಸ್ಟ್ ಮಾಡಿಸು. ರಕ್ತ ಕೊಡೋ ಮುಂಚೆ ಇಬ್ರೂ ಕೈ ತೋಳು ಸೋಪು ಹಾಕಿ ಚೆನ್ನಾಗಿ ತೊಳ್ಕೊಳ್ಳಿ, ಚರ್ಮದ ಮೇಲಿರೋ ಧೂಳು ಸೇರ್ಕೊಂಡು ನಂಬರ್ ತಪ್ಪಾಗ್ಬಾರ್ದು. ರಿಪೋರ್ಟ್ ಬಂದ ತಕ್ಷಣ ಇಬ್ಬರದ್ದೂ ಫೋಟೋ ತೆಗ್ದು ಕಳ್ಸು.

ನಿನ್ನ ಚಿಕ್ಕಮ್ಮ