ಸರ್ವರ್ ಗುಜರಿಗೆ ಹಾಕುವ ಮುನ್ನ ರೇಡ್ ಕಾರ್ಡ್ ನೋಡಿ

ಮಾನ್ಯ ಸಂಪಾದಕರೇ,

ಸರ್ವರ್‌ಗಳಲ್ಲಿ ಬಳಸುವ ಉಚಿತ ಲಿನಕ್ಸ್ ಓಎಸ್ ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೇ ಮುಗಿದಿದೆ. ಆದರೂ ಎಷ್ಟೋ ಕಾಲೇಜು, ಸಹಕಾರ ಸಂಘ, ಸಣ್ಣ ಆಸ್ಪತ್ರೆಗಳ ಸರ್ವರ್‌ಗಳಲ್ಲಿ ಅದು ಇನ್ನೂ ಓಡುತ್ತಿದೆ. ಅಪ್‌ಗ್ರೇಡ್ ಮಾತೆತ್ತಿದರೆ ಸಾಮಾನ್ಯವಾಗಿ ಎರಡೇ ಉತ್ತರ: ‘ಮಷೀನ್ ಹಳೇದಾಯ್ತು, ಹೊಸದು ತಗೊಳ್ಳಿ’ ಅಥವಾ ‘32 ಜಿಬಿ ರ‍್ಯಾಮ್ ಇದೆಯಲ್ಲ, ಏನೂ ಆಗಲ್ಲ, ಹಾಕಿಬಿಡೋಣ’. ಎರಡೂ ಪರಿಶೀಲಿಸದೆ ಆಡುವ ಮಾತುಗಳೇ. ಸರ್ವರ್‌ನ ವಯಸ್ಸಾಗಲಿ ರ‍್ಯಾಮ್ ಆಗಲಿ ಇದನ್ನು ತೀರ್ಮಾನಿಸುವುದಿಲ್ಲ. ತೀರ್ಮಾನಿಸುವುದು ಪ್ರೊಸೆಸರ್‌ನ ತಲೆಮಾರು ಮತ್ತು, ಅದಕ್ಕಿಂತ ಹೆಚ್ಚಾಗಿ, ರೇಡ್ ಕಾರ್ಡ್ (ಹಲವು ಡಿಸ್ಕ್‌ಗಳನ್ನು ಜೋಡಿಸಿ ನಡೆಸುವ ಕಾರ್ಡ್).

ಮೊದಲು ಪ್ರೊಸೆಸರ್. ಸೆಂಟ್‌ಓಎಸ್‌ನ ಮೂಲವಾದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ಕ್ಕೆ ‘ಎಕ್ಸ್86-64-ವಿ2’ ಮಟ್ಟದ (ಪ್ರೊಸೆಸರ್ ಬಲ್ಲ ಸೂಚನೆಗಳ ಶ್ರೇಣಿ) ಪ್ರೊಸೆಸರ್ ಬೇಕು. 2008ರ ನಂತರದ ಇಂಟೆಲ್ ಸರ್ವರ್ ಚಿಪ್‌ಗಳಿಗೆ ಇದು ತೊಡಕಲ್ಲ. 2025ರಲ್ಲಿ ಬಂದ 10ನೇ ಆವೃತ್ತಿಗೆ ‘ವಿ3’ ಬೇಕು, ಅಂದರೆ ಎವಿಎಕ್ಸ್2 ಎಂಬ ಸೂಚನೆಗಳ ಗುಂಪು ಇರಲೇಬೇಕು. ಇಂಟೆಲ್‌ನ ಜಿಯಾನ್ ಇ5-2600 ಸರಣಿಯಲ್ಲಿ ಅದು ಬಂದದ್ದು ‘ಇ5-2600 ವಿ3’ ಮಾದರಿಯಿಂದ (ಚಿಪ್ ಹೆಸರಿನ ಈ ವಿ3 ಬೇರೆ, ಮೇಲಿನ ಮಟ್ಟದ ವಿ3 ಬೇರೆ). ಹೀಗಾಗಿ ಡೆಲ್ ಆರ್730, ಎಚ್‌ಪಿ ಡಿಎಲ್380 ಜೆನ್9 ಪಾಸಾಗುತ್ತವೆ. ಅವುಗಳ ಹಿಂದಿನ ತಲೆಮಾರಿನ ಆರ್720, ಜೆನ್8 ಆಗುವುದಿಲ್ಲ. ಪ್ರೊಸೆಸರ್ ಯಾವುದೆಂದು ‘ಎಲ್‌ಎಸ್‌ಸಿಪಿಯು’ ಕಮಾಂಡ್ ಕೊಟ್ಟರೆ ತಿಳಿಯುತ್ತದೆ. ಅದರ ಫ್ಲ್ಯಾಗ್ಸ್ ಸಾಲಿನಲ್ಲಿ ಎವಿಎಕ್ಸ್2 ಇದೆಯೇ ನೋಡಿ. ಬರೀ ಎವಿಎಕ್ಸ್ ಇದ್ದರೆ ಸಾಲದು. ಇವೆರಡನ್ನು ಒಂದೇ ಎಂದುಕೊಂಡು ಮೋಸಹೋಗುವವರು ಬಹಳ. ರೆಡ್ ಹ್ಯಾಟ್‌ಗೆ ಹೊಂದುವ ಉಚಿತ ಓಎಸ್ ಆಲ್ಮಾಲಿನಕ್ಸ್ 10 ಹಳೆಯ ಚಿಪ್‌ಗಳಿಗೆಂದೇ ವಿ2 ಆವೃತ್ತಿಯನ್ನೂ ಪ್ರತ್ಯೇಕವಾಗಿ ಕೊಡುತ್ತಿದೆ. ಆದರೆ ಹೊರಗಿನವರು 10ಕ್ಕೆಂದು ಕಟ್ಟಿದ ಪ್ಯಾಕೇಜ್‌ಗಳು ಅದರಲ್ಲಿ ನಡೆಯುತ್ತವೆ ಎಂಬ ಖಾತ್ರಿಯಿಲ್ಲ.

ವರ್ಚುವಲ್ ಮಷೀನ್ ಆಗಿದ್ದರೆ ಇನ್ನೊಂದು ತಿರುವಿದೆ. ಕೆಳಗಿನ ಪ್ರೊಸೆಸರ್ ಹೊಸದಿದ್ದರೂ ವರ್ಚುವಲ್ ಮಷೀನ್ ನಡೆಸುವ ಪ್ರಾಕ್ಸ್‌ಮಾಕ್ಸ್‌ನಲ್ಲಿ ಸಿಪಿಯು ಬಗೆ ಹಳೆಯ ‘ಕೆವಿಎಂ64’ ಎಂದೇ ಉಳಿದಿದ್ದರೆ 9ನೇ ಆವೃತ್ತಿ ಬೂಟ್ ಆಗುವಾಗಲೇ ‘ಸಿಪಿಯು ವಿ2 ಬೆಂಬಲಿಸುವುದಿಲ್ಲ’ ಎಂದು ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಲೈಬ್ರರಿ) ದೋಷ ತೋರಿಸಿ ನಿಂತುಬಿಡುತ್ತದೆ. ಬಗೆಯನ್ನು ‘ಹೋಸ್ಟ್’ ಎಂದು ಬದಲಿಸಿದರೆ ಮುಗಿಯಿತು. ಇದಕ್ಕಾಗಿ ಹೊಸ ಸರ್ವರ್ ಕೊಳ್ಳುವ ಅಗತ್ಯವಿಲ್ಲ.

ಈಗ ರೇಡ್ ಕಾರ್ಡ್. ನಿಜವಾದ ಪೆಟ್ಟು ಬೀಳುವುದು ಇಲ್ಲಿ. ‘ಎಲ್‌ಎಸ್‌ಪಿಸಿಐ’ ಕಮಾಂಡನ್ನು ‘ಎನ್‌ಎನ್’ ಆಯ್ಕೆಯೊಂದಿಗೆ ಕೊಟ್ಟರೆ ರೇಡ್ ಸಾಲಿನ ಕೊನೆಯಲ್ಲಿ, ಚೌಕ ಆವರಣದೊಳಗೆ ಗುರುತು ಸಂಖ್ಯೆ ಕಾಣುತ್ತದೆ. ಡೆಲ್‌ನ ರೇಡ್ ಕಾರ್ಡ್ ಪರ್ಕ್ ಎಚ್700 ಆದರೆ 1000:0079, ಎಚ್310 ಆದರೆ 1000:0073. ಈ ಎರಡನ್ನೂ ರೆಡ್ ಹ್ಯಾಟ್ ತನ್ನ 8ನೇ ಆವೃತ್ತಿಯ ಡ್ರೈವರ್‌ನಿಂದ ತೆಗೆದುಹಾಕಿತು. ಪರಿಣಾಮ: ಇನ್‌ಸ್ಟಾಲರ್ ಸಲೀಸಾಗಿ ತೆರೆದುಕೊಳ್ಳುತ್ತದೆ, ನೆಟ್‌ವರ್ಕ್ ಸಿಗುತ್ತದೆ, ಡಿಸ್ಕ್ ಆಯ್ಕೆಯ ಪರದೆ ಮಾತ್ರ ಖಾಲಿ. ಡಿಸ್ಕ್ ಸತ್ತಿದೆ ಎಂದುಕೊಂಡು ಹೊಸ ಡಿಸ್ಕ್ ತರಿಸಿದರೂ ಅದೇ ಖಾಲಿ ಪರದೆ. ಒಂದೇ ಆರ್720ರಲ್ಲಿ ಎಚ್310 ಬದಲು ಎಚ್710 (1000:005ಬಿ) ಇದ್ದಿದ್ದರೆ 8ನೇ ಆವೃತ್ತಿಗೆ ಡಿಸ್ಕ್‌ಗಳು ಕಾಣುತ್ತಿದ್ದವು.

ಕಾರ್ಡ್ ಕೆಟ್ಟಿಲ್ಲ, ಮೂಲ ಲಿನಕ್ಸ್ ಕರ್ನಲ್‌ನಲ್ಲಿ ಅದರ ಬೆಂಬಲ ಹಾಗೇ ಇದೆ. ಆದ್ದರಿಂದಲೇ ಡೆಬಿಯನ್ 12, ಉಬುಂಟು 24.04 ಅದೇ ಮಷೀನಿನಲ್ಲಿ ಡಿಸ್ಕ್‌ಗಳನ್ನು ಗುರುತಿಸುತ್ತವೆ. ಅವು ಎವಿಎಕ್ಸ್2 ಸಹ ಕೇಳುವುದಿಲ್ಲ. ಆಲ್ಮಾಲಿನಕ್ಸ್ ತಂಡವೂ 9.4ರಿಂದ ಮೆಗಾರೇಡ್ (ಮೇಲಿನ ಡೆಲ್ ಕಾರ್ಡ್‌ಗಳ ಡ್ರೈವರ್) ಸೇರಿ ಕೆಲವು ಹಳೆಯ ಡ್ರೈವರ್‌ಗಳ ಸಾಧನಗಳನ್ನು ಮರಳಿ ಸೇರಿಸಿದೆ. ಹೊರಗಿನ ಡ್ರೈವರ್ ಸಂಗ್ರಹವಾದ ಇಎಲ್‌ರೆಪೊ ಕೊಡುವ ಡ್ರೈವರ್ ಡಿಸ್ಕ್ ಬಳಸಿ ಕೂಡ ಇನ್‌ಸ್ಟಾಲ್ ಮಾಡಬಹುದು. ಅದು ನನಗೆ ಅಷ್ಟು ಒಪ್ಪಿಗೆಯಿಲ್ಲ: ಮುಂದೊಂದು ದಿನ 8.9ರಿಂದ 8.10ಕ್ಕೆ ಹೋಗುವಂಥ ಅಪ್‌ಡೇಟ್‌ನಲ್ಲಿ ಕರ್ನಲ್ ಬದಲಾಗಿ, ಹೊರಗಿನ ಡ್ರೈವರ್ ಅದಕ್ಕೆ ಹೊಂದದಿದ್ದರೆ ಮಷೀನ್ ತನ್ನ ಡಿಸ್ಕನ್ನೇ ಕಾಣದೆ ಕೂರುತ್ತದೆ.

ಊಹೆ ಬೇಡ ಎನ್ನುವವರಿಗೆ ಸುಲಭ ಹಾದಿ ಇದು. ಬ್ಯಾಕಪ್ ಆದಮೇಲೆ, ಬಯಸಿದ ಆವೃತ್ತಿಯ ಲೈವ್ ಐಎಸ್‌ಒ (ಇನ್‌ಸ್ಟಾಲ್ ಮಾಡದೆಯೇ ಓಡುವ ಓಎಸ್ ಫೈಲ್) ಅನ್ನು ಪೆನ್‌ಡ್ರೈವ್‌ಗೆ ಬರೆದು ಅದರಿಂದಲೇ ಬೂಟ್ ಮಾಡಿ. ಡಿಸ್ಕ್‌ಗಳು ಪಟ್ಟಿಯಲ್ಲಿ ಬಂದವೇ, ಎಲ್ಲ ನೆಟ್‌ವರ್ಕ್ ಪೋರ್ಟ್‌ಗಳು ಕಂಡವೇ ನೋಡಿ, ಯಾವುದನ್ನೂ ಮೌಂಟ್ ಮಾಡದೆ ಹೊರಬನ್ನಿ. ಇದ್ದ ಓಎಸ್ ಅನ್ನೇ ಅಪ್‌ಗ್ರೇಡ್ ಮಾಡುವುದಾದರೆ 7ರಿಂದ ನೇರ 9ಕ್ಕೆ ಜಿಗಿಯಲಾಗದು, 8ರ ಮೂಲಕವೇ ಹೋಗಬೇಕು. ಆಲ್ಮಾಲಿನಕ್ಸ್‌ನ ಅಪ್‌ಗ್ರೇಡ್ ಸಾಧನ ಎಲಿವೇಟ್‌ನಲ್ಲಿರುವ ‘ಲೀಪ್ ಪ್ರಿ-ಅಪ್‌ಗ್ರೇಡ್’ ಅಪ್‌ಗ್ರೇಡ್ ಮಾಡದೆ ವರದಿಯಷ್ಟೇ ಕೊಡುತ್ತದೆ. ತೆಗೆದುಹಾಕಿದ ಡ್ರೈವರ್‌ಗಳು ಅದರಲ್ಲಿ ಅಡ್ಡಿಗಳ ಸಾಲಿಗೆ ಬರುತ್ತವೆ. ಬೂಟ್ ವಿಭಾಗದಲ್ಲಿ ಜಾಗ ಎಷ್ಟಿದೆ ಎಂದೂ ಆಗಲೇ ನೋಡಿಕೊಳ್ಳಿ.

ಹಾರ್ಡ್‌ವೇರ್ ಹೊಂದುವುದು ಬೇರೆ, ಗಟ್ಟಿಯಾಗಿರುವುದು ಬೇರೆ. ವರ್ಷಗಟ್ಟಲೆ ಆಫ್ ಆಗದ ಸರ್ವರ್‌ಗೆ ರೀಸ್ಟಾರ್ಟೇ ದೊಡ್ಡ ಪರೀಕ್ಷೆ. ಅಪ್‌ಗ್ರೇಡ್‌ಗೆ ಒಂದು ವಾರ ಮೊದಲು, ಏನನ್ನೂ ಬದಲಿಸದೆ, ಪವರ್ ಪೂರ್ತಿ ತೆಗೆದು ಒಮ್ಮೆ ಆನ್ ಮಾಡಿ. ಮದರ್‌ಬೋರ್ಡ್‌ನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಬಯಾಸ್ ಸೆಟ್ಟಿಂಗ್ ಅಳಿಸಿಹೋಗಿ ಬೂಟ್ ಕ್ರಮ ತಪ್ಪುವುದು ಆಗಲೇ ಬಯಲಾಗುತ್ತದೆ. ರೇಡ್ ಕಾರ್ಡ್‌ನ ಬ್ಯಾಟರಿ ಹೋಗಿದ್ದರೆ ಕಾರ್ಡ್ ರೈಟ್-ಬ್ಯಾಕ್ (ಮೊದಲು ತನ್ನ ಮೆಮೊರಿಗೆ ಬರೆಯುವುದು) ಬಿಟ್ಟು ರೈಟ್-ಥ್ರೂಗೆ (ನೇರ ಡಿಸ್ಕ್‌ಗೇ ಬರೆಯುವುದು) ಇಳಿದು ಡೇಟಾಬೇಸ್ ತೆವಳುತ್ತದೆ. ಆಮೇಲೆ ಬೈಗುಳ ತಿನ್ನುವುದು ಹೊಸ ಓಎಸ್. ಡಿಸ್ಕ್‌ನ ಆರೋಗ್ಯ ತೋರಿಸುವ ‘ಸ್ಮಾರ್ಟ್‌ಸಿಟಿಎಲ್’ನಲ್ಲಿ ಸಾಟಾ ಡಿಸ್ಕ್‌ಗೆ ರೀಅಲೋಕೇಟೆಡ್ ಸೆಕ್ಟರ್, ಎಸ್‌ಎಎಸ್ ಡಿಸ್ಕ್‌ಗೆ ಗ್ರೋನ್ ಡಿಫೆಕ್ಟ್ ಎಣಿಕೆ (ಎರಡೂ ಡಿಸ್ಕ್‌ನ ಕೆಟ್ಟ ಜಾಗಗಳ ಲೆಕ್ಕ) ಏರುತ್ತಿದ್ದರೆ ಮೊದಲು ಆ ಡಿಸ್ಕ್ ಬದಲಿಸಿ.

ವಿಂಡೋಸ್‌ನವರಿಗೂ ಒಂದು ಮಾತು. ವಿಂಡೋಸ್ ಸರ್ವರ್ 2012 ಆರ್2ಗೆ ಹಣ ಕೊಟ್ಟು ಪಡೆಯುವ ಭದ್ರತಾ ಅಪ್‌ಡೇಟ್‌ಗೂ 2026ರ ಅಕ್ಟೋಬರ್ 13 ಕೊನೆ. ಸರ್ವರ್ 2025ಕ್ಕೆ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ4.2 ಮತ್ತು ಪಾಪ್‌ಕೌಂಟ್ ಎಂಬ ಸೂಚನೆಗಳು ಬೇಕು. ಮೈಕ್ರೋಸಾಫ್ಟ್‌ನ ‘ಕೋರ್‌ಇನ್ಫೊ’ ಸಾಧನದಲ್ಲಿ ಇದು ಕಾಣುತ್ತದೆ. ಬಜೆಟ್ ಹಾಕುವಾಗ ಮರೆಯುವುದು ಲೈಸೆನ್ಸ್: 2012 ಆರ್2 ಪ್ರೊಸೆಸರ್ ಲೆಕ್ಕದಲ್ಲಿತ್ತು, 2016ರಿಂದ ಕೋರ್ ಲೆಕ್ಕ, ಸರ್ವರ್ ಒಂದಕ್ಕೆ ಕನಿಷ್ಠ 16 ಕೋರ್.

ತಯಾರಕರ ಪಟ್ಟಿಯಲ್ಲಿ ಹೊಸ ಓಎಸ್ ಹೆಸರಿಲ್ಲ ಎಂದಮಾತ್ರಕ್ಕೆ ಅದು ಓಡುವುದಿಲ್ಲ ಎಂದಲ್ಲ. ತೊಂದರೆಯಾದರೆ ಅವರು ಫೋನ್ ಎತ್ತುವುದಿಲ್ಲ ಎಂದಷ್ಟೇ. ಆಸ್ಪತ್ರೆಯ ಬಿಲ್ಲಿಂಗ್ ಸರ್ವರ್‌ಗೆ ಆ ಭರವಸೆ ಬೇಕು, ಕಾಲೇಜಿನ ಲ್ಯಾಬ್‌ಗೆ ಬೇಡ. ಆದ್ದರಿಂದ ಖರೀದಿ ಸಮಿತಿಗಳಲ್ಲಿ ಇರುವವರು ಹೊಸ ಸರ್ವರ್‌ನ ಕೊಟೇಷನ್ ಒಪ್ಪುವ ಮುನ್ನ ಹಳೆಯದರ ಪ್ರೊಸೆಸರ್ ಮಾದರಿ, ರೇಡ್ ಕಾರ್ಡ್‌ನ ಗುರುತು ಸಂಖ್ಯೆ, ಲೈವ್ ಬೂಟ್‌ನಲ್ಲಿ ಕಂಡದ್ದು, ಡಿಸ್ಕ್‌ಗಳ ಸ್ಥಿತಿ ಇವಿಷ್ಟನ್ನು ಲಿಖಿತವಾಗಿ ಕೇಳಿ ಪಡೆಯಲಿ. ಕಾರ್ಡ್ ಒಂದೇ ತೊಡಕಾಗಿದ್ದರೆ ಕಾರ್ಡ್ ಬದಲಿಸುವ ಖರ್ಚನ್ನೂ ಅದೇ ಹಾಳೆಯಲ್ಲಿ ಪಕ್ಕದಲ್ಲೇ ಬರೆಸಲಿ.

– ಸರ್ವರ್ ನಿರ್ವಾಹಕ, ಶಿವಮೊಗ್ಗ