ಕಿನಾಬಟಾಂಗಾನ್ ನದಿಯ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ರಘು,

ಸಾಬಾದಿಂದ ಬಂದು ಎಂಟು ದಿನವಾಯ್ತು. ಆ ನದಿ ಇನ್ನೂ ಕಣ್ಣ ಮುಂದೆಯೇ ಇದೆ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೋರ್ನಿಯೊ ದ್ವೀಪದ ಮಲೇಷ್ಯಾ ಭಾಗದಲ್ಲಿ ಸಾಬಾ ರಾಜ್ಯ, ಅದರಲ್ಲಿ ಕಿನಾಬಟಾಂಗಾನ್ ಜಿಲ್ಲೆ. ನದಿಯ ಹೆಸರೇ ಜಿಲ್ಲೆಗೂ. ಸಂಡಾಕನ್ ಪಟ್ಟಣದಿಂದ ಸುಕಾವ್ ಹಳ್ಳಿಗೆ ವ್ಯಾನಿನಲ್ಲಿ ಹೋದೆವು. ದಾರಿಯಲ್ಲಿ ಎತ್ತ ನೋಡಿದರೂ ಎಣ್ಣೆ ತಾಳೆಯ ತೋಟ. ನಿಮ್ಮೂರ ಗುಡ್ಡದಲ್ಲಿ ಅಕೇಶಿಯಾ ಹಬ್ಬಿದ್ದಕ್ಕೆ ನೀನು ಬೇಜಾರು ಮಾಡಿಕೊಂಡಿದ್ದೆಯಲ್ಲ, ಅದೇ ನೆನಪಾಯ್ತು. ಕಾಡು ಕಂಡಿದ್ದು ನದಿ ಮುಟ್ಟಿದ ಮೇಲೆಯೇ.

ಬೆಳಗಿನ ಜಾವ ದೋಣಿ ಹತ್ತಿದೆವು. ನೀರಿನ ಮೇಲೆಲ್ಲ ಮಂಜು. ಒಂದು ತಿರುವಿನಲ್ಲಿ ದೋಣಿಯವನು ಎಂಜಿನ್ ನಿಲ್ಲಿಸಿ ಸುಮ್ನೆ ಮೇಲೆ ಕೈ ತೋರಿಸಿದ. ಅತ್ತಿ ಜಾತಿಯ ದೊಡ್ಡ ಮರದಲ್ಲಿ ತಾಯಿ ಒರಾಂಗುಟಾನ್, ಹೊಟ್ಟೆಗೆ ಅವಚಿಕೊಂಡ ಮರಿ. ತಾಯಿ ನಮ್ಮನ್ನು ಒಮ್ಮೆ ನೋಡಿ, ಮತ್ತೆ ಹಣ್ಣು ಕೀಳತೊಡಗಿತು. ಮರಿ ಆರೇಳು ವರ್ಷ ತಾಯಿಯ ಜೊತೆಗೇ ಇರುತ್ತದಂತೆ. ಮಲಯ್ ಭಾಷೆಯಲ್ಲಿ ಒರಾಂಗ್ ಅಂದರೆ ಮನುಷ್ಯ, ಹುತಾನ್ ಅಂದರೆ ಕಾಡು. ಅಲ್ಲಿನ ಹಳ್ಳಿಯವರಿಗೆ ಒರಾಂಗ್ ಸುಂಗೈ ಅಂತ ಹೆಸರು, ನದಿಯ ಜನ. ಒಂದೇ ದಂಡೆಯಲ್ಲಿ ಕಾಡಿನ ಮನುಷ್ಯ, ನದಿಯ ಮನುಷ್ಯ. ಎಷ್ಟು ಚೆಂದ ಅಲ್ವಾ?

ಕಥೆಗಳಿಗಂತೂ ಬರವಿಲ್ಲ. ಕಿನಬಾಲು ಬೆಟ್ಟದ ತುದಿಯಲ್ಲಿ ಒಂದು ಡ್ರ್ಯಾಗನ್ ದೊಡ್ಡ ಮುತ್ತನ್ನು ಕಾಯುತ್ತಿತ್ತಂತೆ. ಚೀನಾದಿಂದ ಬಂದ ಓಂಗ್ ಸುಮ್ ಪಿಂಗ್ ಎಂಬವನು ಅದನ್ನು ಕದ್ದು, ಅದರ ಜಾಗದಲ್ಲಿ ಉರಿಯುವ ದೀಪ ಇಟ್ಟನಂತೆ. ಆಮೇಲೆ ಈ ನದಿ ತೀರದಲ್ಲೇ ಒಡೆಯನಾಗಿ ನೆಲೆಸಿದನಂತೆ. ಬಾತು ಪುತೆ ಹಳ್ಳಿಯ ಹತ್ತಿರ ಸುಣ್ಣದ ಕಲ್ಲಿನ ಗುಡ್ಡವೊಂದಿದೆ. ಅದರ ಗವಿಗಳಲ್ಲಿ ಮರದ ದಿಮ್ಮಿ ಕೊರೆದು ಮಾಡಿದ ಹಳೆಯ ಶವಪೆಟ್ಟಿಗೆಗಳು, ನೂರಕ್ಕೂ ಹೆಚ್ಚು. ಕೆಲವದರ ಮೇಲೆ ಕೋಣದ ತಲೆ, ಮೊಸಳೆ ಕೆತ್ತಿದ್ದಾರೆ. ಅಲ್ಲಿ ನಿಂತಾಗ ಯಾರಿಗೂ ಮಾತೇ ಹೊರಡಲಿಲ್ಲ.

ನನ್ನನ್ನು ತುಂಬಾ ಕಾಡಿದ್ದು ಮಾತ್ರ ಇನ್ನೊಂದು. 2005ರಲ್ಲಿ ಸರ್ಕಾರ ಇಲ್ಲಿ ಸುಮಾರು 26,000 ಹೆಕ್ಟೇರ್ ಕಾಡನ್ನು ಅಭಯಾರಣ್ಯ ಮಾಡಿದೆ. ಆದರೆ ಅದು ತುಂಡು ತುಂಡು, ನಡುವೆ ತೋಟಗಳು. ಒರಾಂಗುಟಾನ್‌ಗೆ ಈಜು ಬರುವುದಿಲ್ಲ. ಹಿಂದೆ ಹಳ್ಳದ ಎರಡೂ ದಡದ ಕೊಂಬೆಗಳು ಕೂಡುತ್ತಿದ್ದವು, ಹಾಗೇ ದಾಟುತ್ತಿತ್ತು. ದೊಡ್ಡ ಮರ ಹೋದವು, ದಾರಿಯೂ ಹೋಯಿತು. ಸುಕಾವ್‌ನ ಹುತಾನ್ ಸಂಸ್ಥೆಯವರು ಊರವರ ಜೊತೆ ಸೇರಿ ಹಳ್ಳಗಳ ಮೇಲೆ ಹಗ್ಗದ ಸೇತುವೆ ಕಟ್ಟಿದರು. ವರ್ಷಗಟ್ಟಲೆ ಕಾದ ಮೇಲೆ, 2010ರಲ್ಲಿ, ಒರಾಂಗುಟಾನ್ ಒಂದು ಅದರ ಮೇಲೆ ದಾಟುವ ಫೋಟೋ ಸಿಕ್ಕಿತು. ಆ ಸೇತುವೆಯೊಂದರ ಕೆಳಗೆ ನಮ್ಮ ದೋಣಿಯೂ ಹಾದುಹೋಯಿತು. ನನ್ನ ಗಂಟಲು ಕಟ್ಟಿತ್ತು ಮಾರಾಯ. ತಾಳೆ ಎಣ್ಣೆಯನ್ನು ಜಗತ್ತಿನಲ್ಲೇ ಜಾಸ್ತಿ ತರಿಸಿಕೊಳ್ಳುವುದು ನಮ್ಮ ದೇಶ. ಮನೆಗೆ ಬಂದವನೇ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಓದಿದೆ. ಅದರಲ್ಲೂ ಇತ್ತು.

ನೀನು ಹೋಗಲೇಬೇಕು. ನವೆಂಬರಿನಿಂದ ಫೆಬ್ರವರಿವರೆಗೆ ಮಳೆ, ನೆರೆ ಜಾಸ್ತಿ, ಏಪ್ರಿಲ್ ಆದ ಮೇಲೆ ಹೊರಡು. ಊರವರ ಮನೆಯಲ್ಲೇ ಉಳಿದುಕೋ, ದುಡ್ಡು ಅವರಿಗೇ ಸೇರಲಿ. ಅಲ್ಲಿ ಎಂಟು ಬಗೆಯ ಮಂಗಟ್ಟೆ ಹಕ್ಕಿಗಳಿವೆ! ದಾಂಡೇಲಿಯಲ್ಲಿ ನನಗೆ ಮೊದಲ ಮಂಗಟ್ಟೆ ತೋರಿಸಿದವನು ನೀನು. ಆ ದುರ್ಬೀನು ಮರೆಯದೆ ತೆಗೆದುಕೊಂಡು ಹೋಗು.

ನಿನ್ನ,
ಸುರೇಶ